ಆಸ್ಕರ್, ಅರೋವಾನ, ಚನ್ನಾ: ಬೇಟೆಗಾರ ಮೀನಿನ ಮರಿ ಸಾಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಗೆ ಬಂದು ಟ್ಯಾಂಕ್ ನೋಡಿದವರು, ಫೋನ್ ಮಾಡಿದವರು, ಅಂಗಡಿಯಲ್ಲಿ ಪಕ್ಕ ನಿಂತು ಮಾತಿಗೆಳೆದವರು ಕೇಳುವುದು ಹೆಚ್ಚೂಕಮ್ಮಿ ಇವೇ ಪ್ರಶ್ನೆಗಳನ್ನು. ಅದಕ್ಕೇ ಒಂದೇ ಕಡೆ ಬರೆದಿಟ್ಟೆ. ನಾನು ಜಾಸ್ತಿ ಸಾಕಿದ್ದು ಆಸ್ಕರ್. ಆಮೇಲೆ ಒಂದು ಸಿಲ್ವರ್ ಅರೋವಾನ, ಈಚೆಗೆ ಚಿಕ್ಕ ಜಾತಿಯ ಚನ್ನಾ. ಹಾಗಾಗಿ ಉದಾಹರಣೆಗಳೆಲ್ಲ ಇವುಗಳ ಸುತ್ತಲೇ ಇರುತ್ತವೆ. ಇರುವುದು ಬೆಂಗಳೂರಿನಲ್ಲಿ, ಆದ್ದರಿಂದ ನೀರು, ಚಳಿ, ಕರೆಂಟಿನ ಮಾತೂ ಇಲ್ಲಿಯದೇ.

## ಮರಿ ತರುವ ಮುಂಚೆ

ಆಸ್ಕರ್ ಮರಿ ಎರಡೇ ಇಂಚು ಇದೆ. ಎರಡಡಿ ಟ್ಯಾಂಕ್ ಸಾಕಲ್ವಾ?

ಈಗ ಸಾಕು. ಮೂರು ತಿಂಗಳಾದ ಮೇಲೆ ಸಾಕಾಗುವುದಿಲ್ಲ. ಚೆನ್ನಾಗಿ ತಿಂದ ಆಸ್ಕರ್ ಮರಿ ಮೊದಲ ತಿಂಗಳುಗಳಲ್ಲಿ ತಿಂಗಳಿಗೆ ಸುಮಾರು ಒಂದು ಇಂಚು ಬೆಳೆಯುತ್ತದೆ, ಕೊನೆಗೆ ಒಂದಡಿಗೆ ಬಂದು ನಿಲ್ಲುತ್ತದೆ. 2×1×1 ಅಡಿಯ ಟ್ಯಾಂಕಿನಲ್ಲಿ ಹಿಡಿಯುವುದು 56 ಲೀಟರ್ ನೀರು. ಬೆಳೆದ ಒಂದು ಆಸ್ಕರ್‌ಗೆ 4×1.5×1.5 ಅಡಿ, ಅಂದರೆ ಸುಮಾರು 250 ಲೀಟರ್ ಕಡಿಮೆ ಪಕ್ಷ ಬೇಕು. ಜೋಡಿ ಇದ್ದರೆ ಇನ್ನೂ ದೊಡ್ಡದು.

"ದೊಡ್ಡದಾದಾಗ ದೊಡ್ಡ ಟ್ಯಾಂಕ್ ತಗೋತೀನಿ" ಅನ್ನುವುದು ಈ ಹವ್ಯಾಸದ ಅತಿ ದೊಡ್ಡ ಸುಳ್ಳು. ನಾನೂ ಹೇಳಿದ್ದೇನೆ. ಮೊದಲೇ ದೊಡ್ಡದು ತಂದರೆ ದುಡ್ಡೂ ಉಳಿಯುತ್ತದೆ, ಮರಿಯೂ ಉಳಿಯುತ್ತದೆ. ಟ್ಯಾಂಕ್ ಎಷ್ಟಿದೆಯೋ ಮೀನು ಅಷ್ಟೇ ಬೆಳೆಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದು ಬೆಳೆಯದೆ ಉಳಿಯುವುದು ಗಲೀಜು ನೀರಿನಲ್ಲಿ ಸೊರಗಿ, ಜಾಗ ನೋಡಿ ಹೊಂದಿಕೊಂಡು ಅಲ್ಲ.

ಇನ್ನೊಂದು ಮಾತು, ಇದನ್ನು ಯಾರೂ ಕೇಳುವುದಿಲ್ಲ. 4×2×2 ಅಡಿಯ ಟ್ಯಾಂಕ್ ತುಂಬಿದರೆ ನೀರೇ 450 ಕೆಜಿ. ಗಾಜು, ಸ್ಟ್ಯಾಂಡ್, ಕಲ್ಲು ಬೇರೆ. ಮೇಲಿನ ಮಹಡಿಯಲ್ಲಿ ಇದ್ದರೆ ನಡುಮನೆಯ ಮಧ್ಯೆ ಇಡಬೇಡಿ, ಕೆಳಗೆ ಬೀಮ್ ಇರುವ ಗೋಡೆಯ ಪಕ್ಕ ಇಡಿ. ಬಾಡಿಗೆ ಮನೆಯಾದರೆ ಮಾಲೀಕರಿಗೆ ಮೊದಲೇ ಹೇಳಿ.

ನನಗೆ ಇದು ಮೊದಲ ಸಲ. ಯಾವ ಮರಿಯಿಂದ ಶುರು ಮಾಡಲಿ?

ಆಸ್ಕರ್. ಗಟ್ಟಿ ಮೀನು, ಪೆಲೆಟ್ (ಡಬ್ಬಿಯಲ್ಲಿ ಬರುವ ಒಣ ಗುಳಿಗೆಯ ಆಹಾರ) ತಿನ್ನಲು ಬೇಗ ಕಲಿಯುತ್ತದೆ, ನಿಮ್ಮ ಗುರುತೂ ಹಿಡಿಯುತ್ತದೆ. ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷ ಬದುಕುತ್ತದೆ, ಅದನ್ನು ಲೆಕ್ಕಕ್ಕೆ ಇಟ್ಟುಕೊಂಡೇ ತನ್ನಿ.

ಜಾಗ ಕಡಿಮೆ ಇದ್ದರೆ ಚಿಕ್ಕ ಚನ್ನಾಗಳು ಒಳ್ಳೆಯವು. ಇವು ನಮ್ಮ ಕೆರೆಯ ಕೊರವ ಮೀನಿನ ಕುಟುಂಬದವೇ, ಆದರೆ ಗಾತ್ರ ಚಿಕ್ಕದು. ಅಸ್ಸಾಮಿನ ಚನ್ನಾ ಬ್ಲೆಹೆರಿ, ಉತ್ತರ ಬಂಗಾಳದ ಚನ್ನಾ ಆಂಡ್ರಾವೋ ಎರಡೂ ಆರು ಇಂಚಿನ ಒಳಗೇ ನಿಲ್ಲುತ್ತವೆ. ಮೂರಡಿ ಟ್ಯಾಂಕ್ ಸಾಕು. ಅಲ್ಲಿನ ಚಳಿಗಾಲಕ್ಕೆ ಒಗ್ಗಿದ ಮೀನುಗಳಾದ್ದರಿಂದ ಬೆಂಗಳೂರಿನ ಡಿಸೆಂಬರ್ ಇವುಗಳಿಗೆ ಹಿತವೇ, ಹೀಟರ್ ಬೇಕಿಲ್ಲ.

ಸಿಲ್ವರ್ ಅರೋವಾನ ಮರಿ ನೋಡಲು ಚೆಂದ, ಬೆಲೆಯೂ ಅಂಥದ್ದಲ್ಲ. ಆದರೆ ಅದು ಎರಡೂವರೆ ಅಡಿ ದಾಟುವ ಮೀನು. ಕೆಂಪು ಪಟ್ಟೆಯ ಮುದ್ದಾದ 'ರೆಡ್ ಸ್ನೇಕ್‌ಹೆಡ್' ಮರಿ ಕೂಡ ಹಾಗೆಯೇ, ಮೂರಡಿಯ ರಾಕ್ಷಸ ಆಗುತ್ತದೆ. ಇವೆರಡನ್ನು ಮೊದಲ ಮೀನಾಗಿ ತರಬೇಡಿ. ಏಷ್ಯನ್ ಅರೋವಾನದ ಕಥೆಯೇ ಬೇರೆ. ಅದು ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ. ಮೈಕ್ರೋಚಿಪ್, ಪ್ರಮಾಣಪತ್ರ, ಸರ್ಕಾರದಲ್ಲಿ ನೋಂದಣಿ ಎಲ್ಲ ಬೇಕು. ಕಾಗದಪತ್ರ ಇಲ್ಲದೆ 'ಅಗ್ಗಕ್ಕೆ ಕೊಡ್ತೀನಿ' ಅಂದವರ ಹತ್ತಿರ ನಿಲ್ಲಲೂ ಬೇಡಿ.

ಅಂಗಡಿಯಲ್ಲಿ ಪಿರಾನ್ಹಾ ಮರಿ ಅಂತ ಕೊಟ್ಟರು. ನಿಜವಾಗ್ಲೂ ಪಿರಾನ್ಹಾನಾ?

ಬಹುಪಾಲು ಅಲ್ಲ. ಅದು ಕೆಂಪು ಹೊಟ್ಟೆಯ ಪಾಕು. ಮೀನು ಮಾರುಕಟ್ಟೆಯಲ್ಲಿ ರೂಪ್‌ಚಂದ್ ಅಂತ ಕೆಜಿ ಲೆಕ್ಕದಲ್ಲಿ ಮಾರುತ್ತಾರಲ್ಲ, ಅದೇ. ಬಾಯಿ ನೋಡಿ. ಪಿರಾನ್ಹಾ ಹಲ್ಲು ತ್ರಿಕೋನ, ಗರಗಸದ ಹಾಗೆ. ಪಾಕು ಹಲ್ಲು ಚಪ್ಪಟೆ, ಹೆಚ್ಚೂಕಮ್ಮಿ ಮನುಷ್ಯರದ್ದರ ಹಾಗೆ. ಅದು ಅಮೆಜಾನ್ ಕಡೆಯ ನದಿಗಳಲ್ಲಿ ಬಿದ್ದ ಹಣ್ಣು, ಬೀಜ ಒಡೆದು ತಿನ್ನುವ ಮೀನು. ಅದಕ್ಕೆ ಬರೀ ಮಾಂಸ ಹಾಕಿ ಬೆಳೆಸುವುದು ಹಸುವಿಗೆ ಬಿರಿಯಾನಿ ಹಾಕಿದ ಹಾಗೆ. ಎರಡಡಿ ಬೆಳೆಯುತ್ತದೆ ಅನ್ನುವುದೂ ನೆನಪಿರಲಿ.

ಹೊಸ ಟ್ಯಾಂಕ್ ತಂದು ಎಷ್ಟು ದಿನ ಆದ ಮೇಲೆ ಮೀನು ಬಿಡಬೇಕು?

ನಾಲ್ಕರಿಂದ ಆರು ವಾರ. ಅಂಗಡಿಯವರು 'ನಾಳೆಯೇ ಬಿಡಿ' ಅನ್ನುತ್ತಾರೆ, ಅದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡಿ.

ಮೀನಿನ ಕಿವಿರಿನಿಂದ, ಹೇಲಿನಿಂದ, ಉಳಿದ ಆಹಾರದಿಂದ ಅಮೋನಿಯಾ ಬರುತ್ತದೆ. ಅದು ವಿಷ. ಫಿಲ್ಟರಿನೊಳಗೆ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆಯದು ನೈಟ್ರೇಟ್ ಮಾಡುತ್ತದೆ, ಇದು ಮಾತ್ರ ಸ್ವಲ್ಪ ಸೌಮ್ಯ. ಈ ಎರಡೂ ಬ್ಯಾಕ್ಟೀರಿಯಾ ನೆಲೆ ನಿಲ್ಲಲು ಅಷ್ಟು ವಾರ ಹಿಡಿಯುತ್ತದೆ. ಬೇಟೆಗಾರ ಮೀನಿಗೆ ನಾವು ಹಾಕುವುದೆಲ್ಲ ಪ್ರೋಟೀನ್. ಪ್ರೋಟೀನಿನಲ್ಲಿ ತೂಕದ ಸುಮಾರು 16% ಸಾರಜನಕ ಇರುತ್ತದೆ, ಅದರಲ್ಲಿ ಬಹಳಷ್ಟು ಅಮೋನಿಯಾ ಆಗಿ ನೀರಿಗೇ ಬರುತ್ತದೆ. ಗಪ್ಪಿ ಟ್ಯಾಂಕಿನಲ್ಲಿ ನಡೆದುಹೋಗುವ ತಪ್ಪು ಇಲ್ಲಿ ನಡೆಯುವುದಿಲ್ಲ.

ಬೇಗ ಆಗಬೇಕಾದರೆ ಒಂದೇ ದಾರಿ. ಕಾಯಿಲೆ ಇಲ್ಲದ ಹಳೆ ಟ್ಯಾಂಕ್ ಇರುವ ಗೆಳೆಯರ ಹತ್ತಿರ ಅವರ ಫಿಲ್ಟರಿನ ಸ್ಪಂಜಿನ ಒಂದು ತುಂಡು ಕೇಳಿ, ಒದ್ದೆಯಾಗಿಯೇ ತಂದು ನಿಮ್ಮ ಫಿಲ್ಟರಿಗೆ ತುರುಕಿ. ಅಮೋನಿಯಾ, ನೈಟ್ರೈಟ್ ಎರಡೂ ಏರಿ ಮತ್ತೆ ಸೊನ್ನೆಗೆ ಇಳಿದವು ಅಂತ ನೀರಿನ ಟೆಸ್ಟ್ ಕಿಟ್ ತೋರಿಸಿದ ದಿನ ಮೀನು ತನ್ನಿ.

## ದಿನದ ಊಟ

ದಿನಕ್ಕೆ ಎಷ್ಟು ಸಲ, ಎಷ್ಟು ಹಾಕಬೇಕು? ಅದು ಯಾವಾಗ್ಲೂ ಹಸಿದ ಹಾಗೇ ನೋಡುತ್ತೆ!

ಅದು ಹಾಗೆಯೇ ನೋಡುತ್ತದೆ, ಹೊಟ್ಟೆ ಬಿರಿಯುವಷ್ಟು ತಿಂದ ಮೇಲೂ. ಕಾಡಿನ ನದಿಯಲ್ಲಿ ಮುಂದಿನ ಊಟ ಯಾವಾಗ ಅಂತ ಗೊತ್ತಿಲ್ಲದ ಜೀವ, ಸಿಕ್ಕಾಗ ತಿಂದುಬಿಡಬೇಕು ಅನ್ನುವುದು ಅದರ ರಕ್ತದಲ್ಲೇ ಇದೆ. ಆ ಕಣ್ಣು ನೋಡಿ ಕರಗಿದವರ ಮರಿಗಳೇ ಜಾಸ್ತಿ ಸಾಯುವುದು. ನಾನು ಕಂಡ ಹಾಗೆ ಹಸಿವಿನಿಂದ ಸತ್ತ ಮರಿ ಬೆರಳೆಣಿಕೆ. ಜಾಸ್ತಿ ತಿಂದು, ಆ ಊಟವೇ ನೀರಿನಲ್ಲಿ ಕೊಳೆತು ಸತ್ತವು ಲೆಕ್ಕವಿಲ್ಲ.

ಒಂದೂವರೆ ಇಂಚಿನ ಒಳಗಿನ ಮರಿಗೆ ದಿನಕ್ಕೆ ಮೂರು ನಾಲ್ಕು ಸಲ ಚೂರು ಚೂರು. ಎರಡರಿಂದ ನಾಲ್ಕು ಇಂಚಿನವರೆಗೆ ಎರಡು ಮೂರು ಸಲ. ಆರು ಇಂಚು ದಾಟಿದ ಮೇಲೆ ಒಂದು ಸಲ, ಜೊತೆಗೆ ವಾರಕ್ಕೆ ಒಂದು ದಿನ ಉಪವಾಸ. ಒಂದೊಂದು ಸಲಕ್ಕೂ ಎರಡು ನಿಮಿಷದಲ್ಲಿ ಮುಗಿಸುವಷ್ಟೇ ಹಾಕಿ. ಪೆಲೆಟ್ ಅದರ ಕಣ್ಣಿಗಿಂತ ದೊಡ್ಡದಿರಬಾರದು. ತಿಂದ ಮೇಲೆ ಹೊಟ್ಟೆ ಸ್ವಲ್ಪ ದುಂಡಗೆ ಕಾಣಬೇಕು, ಗೋಲಿ ನುಂಗಿದ ಹಾಗೆ ಕಾಣಬಾರದು. ಉಳಿದದ್ದನ್ನು ಬಲೆಯಿಂದಲೋ ಪೈಪಿನಿಂದಲೋ ಆಗಲೇ ತೆಗೆಯಿರಿ, 'ಆಮೇಲೆ ತಿನ್ನುತ್ತೆ' ಅಂತ ಬಿಡಬೇಡಿ.

ಪೆಲೆಟ್ ಬಾಯಿಗೆ ಹಾಕಿಕೊಂಡು ಉಗೀತಾ ಇದೆ. ಜೀವಂತ ಆಹಾರ ಮಾತ್ರ ತಿನ್ನೋದು. ಏನ್ ಮಾಡ್ಲಿ?

ಇದೇ ಮುಖ್ಯ ಪಾಠ. ಮೊದಲ ಎರಡು ಮೂರು ತಿಂಗಳಲ್ಲಿ ಪೆಲೆಟ್ ಕಲಿಸಿಬಿಡಿ. ದೊಡ್ಡದಾದ ಮೇಲೆ ಕಲಿಸುವುದು ಹತ್ತು ಪಟ್ಟು ಕಷ್ಟ, ಅದರಲ್ಲೂ ಅರೋವಾನ ಮತ್ತು ಚನ್ನಾ ವಿಷಯದಲ್ಲಿ.

ನಾನು ಮಾಡುವುದು ಹೀಗೆ. ಫ್ರೀಜ್ ಮಾಡಿದ ಬ್ಲಡ್‌ವರ್ಮ್ ಅನ್ನುವ ಸಣ್ಣ ಕೆಂಪು ಹುಳುವಿನಿಂದ ಶುರು. ಅದು ಸತ್ತದ್ದು, ಅಲ್ಲಾಡುವುದಿಲ್ಲ, ಅದನ್ನು ತಿನ್ನಲು ಕಲಿತರೆ ಅರ್ಧ ಗೆದ್ದ ಹಾಗೆ. ತಿನ್ನದಿದ್ದರೆ ಫಿಲ್ಟರಿನ ನೀರು ಬೀಳುವ ಕಡೆ ಹಾಕಿ, ಹರಿವಿಗೆ ಅದು ಅಲ್ಲಾಡುತ್ತದೆ, ಮರಿ ಮೋಸ ಹೋಗುತ್ತದೆ. ಒಂದು ವಾರ ಕಳೆದ ಮೇಲೆ ಪೆಲೆಟ್ಟನ್ನು ಅದೇ ಬ್ಲಡ್‌ವರ್ಮ್ ಕರಗಿದ ನೀರಿನಲ್ಲಿ ಐದು ನಿಮಿಷ ನೆನೆಸಿ. ಮೆತ್ತಗಾಗುತ್ತದೆ, ವಾಸನೆಯೂ ಹತ್ತುತ್ತದೆ. ಮೊದಲ ತುತ್ತು ಇದೇ ಇರಲಿ, ಹುಳು ಆಮೇಲೆ. ದಿನದಿಂದ ದಿನಕ್ಕೆ ಹುಳು ಕಡಿಮೆ ಮಾಡಿ.

ಹಟ ಮಾಡಿದರೆ ಎರಡು ದಿನ ಏನೂ ಹಾಕಬೇಡಿ. ಎರಡು ಇಂಚು ದಾಟಿದ, ಮೈತುಂಬಿದ ಮರಿಗೆ ಎರಡು ಮೂರು ದಿನದ ಉಪವಾಸದಿಂದ ಏನೂ ಆಗುವುದಿಲ್ಲ. ಬೆನ್ನು ಕತ್ತಿಯ ಹಾಗೆ ಸಣಕಲಾಗಿರುವ ಮರಿಗೆ ಮಾತ್ರ ಈ ಪ್ರಯೋಗ ಬೇಡ, ಅದಕ್ಕೆ ಮೊದಲು ಏನು ತಿನ್ನುತ್ತದೋ ಅದನ್ನು ಹಾಕಿ ಚೇತರಿಸಿಕೊಳ್ಳಲು ಬಿಡಿ. ಪೆಲೆಟ್ ತಿನ್ನುವ ಇನ್ನೊಂದು ಮರಿ ಪಕ್ಕದಲ್ಲಿದ್ದರೆ ಕೆಲಸ ಇನ್ನೂ ಸುಲಭ. ಒಂದು ತಿನ್ನುವುದನ್ನು ನೋಡಿ ಇನ್ನೊಂದಕ್ಕೆ ಹೊಟ್ಟೆಕಿಚ್ಚು, ನಮ್ಮ ಮಕ್ಕಳ ಹಾಗೆಯೇ.

ಗೋಲ್ಡ್‌ಫಿಶ್ ಮರಿ ಹಾಕಿದ್ರೆ ಏನು ತಪ್ಪು? ಬೇಟೆ ಆಡೋ ಮೀನಲ್ವಾ?

ತಪ್ಪು ಮೂರು. ಒಂದು, ಕಾಯಿಲೆ. ಆಹಾರಕ್ಕೆಂದೇ ಮಾರುವ ಮೀನುಗಳನ್ನು ಕಿಕ್ಕಿರಿದ ಟಬ್ಬಿನಲ್ಲಿ ಇಟ್ಟಿರುತ್ತಾರೆ. ಬಿಳಿ ಚುಕ್ಕೆ ರೋಗ, ಮೈಗೆ ಕಚ್ಚಿಕೊಳ್ಳುವ ಆಂಕರ್ ವರ್ಮ್ ಎಲ್ಲ ಅವುಗಳ ಜೊತೆಯೇ ಬರುತ್ತವೆ. ಎರಡು, ಗೋಲ್ಡ್‌ಫಿಶ್ ಮೈಯಲ್ಲಿ ಥಯಾಮಿನೇಸ್ ಅನ್ನುವ ಕಿಣ್ವ ಇದೆ. ಅದು ಬಿ1 ಜೀವಸತ್ವವನ್ನು ಒಡೆದುಹಾಕುತ್ತದೆ. ದಿನಾ ಅದನ್ನೇ ತಿಂದ ಮೀನಿಗೆ ಬಿ1 ಕೊರತೆಯಾಗಿ ಹಸಿವು ಸಾಯುತ್ತದೆ, ಸಮತೋಲ ತಪ್ಪಿ ಈಜುತ್ತದೆ. ಫ್ರಿಜ್ಜಿನಲ್ಲಿಟ್ಟರೂ ಆ ಕಿಣ್ವ ಹೋಗುವುದಿಲ್ಲ. ಮೂರು, ರುಚಿ ಹತ್ತಿದರೆ ಪೆಲೆಟ್ ಕಡೆ ತಿರುಗಿಯೂ ನೋಡುವುದಿಲ್ಲ.

ನೇರವಾಗಿ ಹೇಳಲಾ? ಬೇಟೆ ಮೀನಿಗೆ ಬೇಕಾಗಿಲ್ಲ, ನೋಡುವ ನಮಗೆ ಬೇಕು. ನೆಂಟರು ಬಂದಾಗ 'ನೋಡಿ ಹೇಗೆ ನುಂಗುತ್ತೆ' ಅಂತ ತೋರಿಸಲಿಕ್ಕೆ. ನಾನೂ ಶುರುವಿನಲ್ಲಿ ಅದನ್ನೇ ಮಾಡಿ ಒಂದು ಒಳ್ಳೆಯ ಆಸ್ಕರ್ ಕಳೆದುಕೊಂಡೆ. ಹಾಕಲೇಬೇಕು ಅಂತಿದ್ದರೆ ಮನೆಯಲ್ಲೇ ಬೇರೆ ಟ್ಯಾಂಕಿನಲ್ಲಿ ಹುಟ್ಟಿದ ಗಪ್ಪಿ ಮರಿ ಹಾಕಿ, ಅದೂ ಅಪರೂಪಕ್ಕೆ.

ಎರೆಹುಳು, ಮಿಡತೆ, ಜಿರಳೆ, ಗೊದಮೊಟ್ಟೆ… ಹೊರಗೆ ಸಿಗೋದನ್ನ ಹಾಕಬಹುದಾ?

ಎರೆಹುಳು ಬಹಳ ಒಳ್ಳೆಯದು, ಆದರೆ ಯಾವ ಎರೆಹುಳು ಅನ್ನುವುದು ಮುಖ್ಯ. ಗೊಬ್ಬರದ ತೊಟ್ಟಿಯಲ್ಲಿ ಸಾಕುವ, ಕೆಂಪು ಪಟ್ಟೆ ಪಟ್ಟೆಯ ಐಸೀನಿಯ ಫೆಟಿಡಾ ಮುಟ್ಟಿದರೆ ಹಳದಿ ದ್ರವ ಬಿಡುತ್ತದೆ, ಕೆಟ್ಟ ವಾಸನೆ. ಮೀನು ಉಗಿಯುತ್ತದೆ. ಅದೇ ಗೊಬ್ಬರದ ಘಟಕಗಳಲ್ಲಿ ಸಿಗುವ ಆಫ್ರಿಕಾದ ದೊಡ್ಡ ಎರೆಹುಳು ಪರವಾಗಿಲ್ಲ, ತೋಟದ ಮಣ್ಣಿನದೂ ಆಗುತ್ತದೆ, ರಾಸಾಯನಿಕ ಹೊಡೆಯದ ತೋಟವಾಗಿದ್ದರೆ. ಒಂದು ದಿನ ಒದ್ದೆ ಬಟ್ಟೆಯಲ್ಲಿ ಇಟ್ಟು ಹೊಟ್ಟೆಯ ಮಣ್ಣು ಹೋದ ಮೇಲೆ ತೊಳೆದು, ಚಿಕ್ಕ ಮರಿಗೆ ಕತ್ತರಿಸಿ ಹಾಕಿ.

ಮನೆಯ ಜಿರಳೆ ಬೇಡವೇ ಬೇಡ, ಅದು ಯಾವ ಮನೆಯ ಔಷಧಿ ತಿಂದು ಬಂದಿದೆಯೋ ಯಾರಿಗೆ ಗೊತ್ತು. ಗದ್ದೆ ಬದುವಿನ ಮಿಡತೆಗೂ ಅದೇ ಮಾತು. ಗೊದಮೊಟ್ಟೆಯಲ್ಲಿ ನೆಲಗಪ್ಪೆಯದ್ದೂ ಸೇರಿರುತ್ತದೆ, ಅದು ವಿಷ. ಸೊಳ್ಳೆ ಮರಿ ಚನ್ನಾ ಮರಿಗಳಿಗೆ ಪಂಚಭಕ್ಷ್ಯ, ನಿಜ. ಆದರೆ ಅದಕ್ಕಾಗಿ ಬಕೆಟ್ಟಿನಲ್ಲಿ ನೀರು ನಿಲ್ಲಿಸಬೇಡಿ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗದ ಪಟ್ಟಿಗೆ ಸೇರಿಸಿ ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಅಂದಿದೆ. ದಂಡ ಹೋಗಲಿ, ಮನೆಯವರಿಗೇ ಜ್ವರ ಬಂದರೆ?

ಚಿಕನ್ ಲಿವರ್, ಬೀಫ್ ಹಾರ್ಟ್ ಹಾಕಿದ್ರೆ ಬೇಗ ಬೆಳೆಯುತ್ತೆ ಅಂತಾರೆ?

ಬೇಗ ದಪ್ಪ ಆಗುತ್ತದೆ. ಬಿಸಿರಕ್ತದ ಪ್ರಾಣಿಯ ಕೊಬ್ಬು ತಣ್ಣನೆಯ ಮೀನಿನ ಹೊಟ್ಟೆಯಲ್ಲಿ ಸರಿಯಾಗಿ ಅರಗುವುದಿಲ್ಲ, ಪಿತ್ತಜನಕಾಂಗದ ಸುತ್ತ ಕೂರುತ್ತದೆ. ಅದರ ಬದಲು ಸೀಗಡಿ ಹಾಕಿ. ಉಪ್ಪು, ಅರಿಶಿನ ಏನೂ ಹಚ್ಚಿರದ ಹಸಿ ಸೀಗಡಿ, ತಲೆಯ ಮುಳ್ಳು ತೆಗೆದು ಬಾಯಿಗೆ ಹಿಡಿಯುವಷ್ಟು ಚೂರು ಮಾಡಿ. ಸಿಪ್ಪೆ ಸ್ವಲ್ಪ ಇದ್ದರೆ ಒಳ್ಳೆಯದೇ. ತಿಲಾಪಿಯಾ ತುಂಡೂ ಆಗುತ್ತದೆ. ಬೂತಾಯಿ ಬೇಡ, ಒಂದೇ ತುಂಡಿಗೆ ನೀರಿನ ಮೇಲೆ ಎಣ್ಣೆ ಪದರ ಕಟ್ಟುತ್ತದೆ.

ನಾವು ಸಸ್ಯಾಹಾರಿಗಳು. ಸೀಗಡಿ, ಹುಳು ಫ್ರಿಜ್ಜಿನಲ್ಲಿಟ್ರೆ ಅಮ್ಮ ನನ್ನನ್ನೇ ಮನೆಯಿಂದ ಹೊರಗೆ ಹಾಕ್ತಾರೆ. ಏನು ದಾರಿ?

ಈ ಪ್ರಶ್ನೆ ಕೇಳುವವರು ಎಷ್ಟು ಜನ ಅಂದರೆ ನಿಮಗೆ ಆಶ್ಚರ್ಯವಾಗುತ್ತದೆ. ದಾರಿ ಇದೆ. ಒಳ್ಳೆಯ ಪೆಲೆಟ್ ಒಂದರ ಮೇಲೆಯೇ ಆಸ್ಕರ್ ಜೀವಮಾನ ಪೂರ್ತಿ ಆರಾಮಾಗಿ ಬದುಕುತ್ತದೆ. ಪ್ರೋಟೀನ್ 40% ಮೇಲಿರಲಿ. ಪಟ್ಟಿಯಲ್ಲಿ ಮೊದಲ ಹೆಸರು ಮೀನಿನ ಪುಡಿ ಅಥವಾ ಸೀಗಡಿ ಪುಡಿ ಇರಲಿ, ಗೋಧಿ ಹಿಟ್ಟಲ್ಲ. ಡಬ್ಬಿ ಕಪಾಟಿನಲ್ಲಿ ಇದ್ದರೂ ಆಗುತ್ತದೆ. ಚಿಕ್ಕ ಡಬ್ಬಿ ಕೊಳ್ಳಿ, ತೆರೆದು ಮೂರು ನಾಲ್ಕು ತಿಂಗಳಾದರೆ ಅದರೊಳಗಿನ ಜೀವಸತ್ವ ಹೋಗಿರುತ್ತದೆ.

ಪೆಲೆಟ್ ಒಳಗೂ ಮೀನೇ ಇದೆ ಅನ್ನುವುದನ್ನು ಅಮ್ಮನಿಗೆ ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು. ಅನ್ನ, ಚಪಾತಿ ಚೂರು ಹಾಕಿ ಸಸ್ಯಾಹಾರಿ ಮಾಡಲು ಮಾತ್ರ ಹೋಗಬೇಡಿ. ಹಾಗೆ ಮಾಡಬೇಕು ಅನ್ನಿಸಿದರೆ ಬೇರೆ ಮೀನು ಸಾಕಿ. ಒಣಗಿಸಿದ ಬ್ಲಡ್‌ವರ್ಮ್ ತಂದರೆ ಕೈಗೆ, ಮೂಗಿಗೆ ಹತ್ತಿರ ಹಿಡಿಯಬೇಡಿ. ಅದರ ಧೂಳಿಗೆ ಕೆಲವರಿಗೆ ಜೋರು ಅಲರ್ಜಿಯಾಗುತ್ತದೆ.

ಹಬ್ಬಕ್ಕೆ ಐದು ದಿನ ಊರಿಗೆ ಹೋಗ್ತೀವಿ. ಊಟ?

ಮೂರು ಇಂಚು ದಾಟಿದ್ದರೆ ಹಾಗೇ ಹೋಗಿ ಬನ್ನಿ. ಹೋಗುವ ಹಿಂದಿನ ದಿನ ನೀರು ಬದಲಿಸಿ, ಜಾಸ್ತಿ ಊಟ ಹಾಕಿ ಹೋಗಬೇಡಿ. ಚಿಕ್ಕ ಮರಿಯಾದರೆ ಪಕ್ಕದ ಮನೆಯವರಿಗೆ ಹೇಳಿ, ಆದರೆ ಡಬ್ಬಿ ಕೊಡಬೇಡಿ. ದಿನಕ್ಕೊಂದರಂತೆ ಕಾಗದದ ಪೊಟ್ಟಣ ಕಟ್ಟಿ ಕೊಡಿ. ಡಬ್ಬಿ ಕೊಟ್ಟರೆ ಅವರ ಮಕ್ಕಳು ಪ್ರೀತಿಯಿಂದಲೇ ಕೊಲ್ಲುತ್ತಾರೆ.

## ನೀರು, ಚಳಿ, ಕರೆಂಟು

ನೀರು ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು? ಕಾವೇರಿ ನೀರು ಒಳ್ಳೇದಾ, ಬೋರ್ ನೀರಾ?

ಬೆಳೆಯುವ ಮರಿಗಳಿರುವ ಟ್ಯಾಂಕಿಗೆ ವಾರಕ್ಕೆ ಎರಡು ಸಲ, ಸಲಕ್ಕೆ ಕಾಲು ಭಾಗದಿಂದ ಮೂರನೇ ಒಂದು ಭಾಗ. ಟೆಸ್ಟ್ ಕಿಟ್‌ನಲ್ಲಿ ನೈಟ್ರೇಟ್ 40 ಪಿಪಿಎಂ (ಲೀಟರಿಗೆ 40 ಮಿಲಿಗ್ರಾಂ) ಒಳಗಿರಬೇಕು, 20ರ ಒಳಗಿದ್ದರೆ ಇನ್ನೂ ಚೆನ್ನ. ಪೂರ್ತಿ ನೀರು ಚೆಲ್ಲಿ, ಫಿಲ್ಟರ್ ಸ್ಪಂಜನ್ನು ನಲ್ಲಿಗೆ ಹಿಡಿದು ಉಜ್ಜಿ ತೊಳೆಯುವ ಶುಚಿ ನಮ್ಮ ಜನರಿಗೆ ಅಭ್ಯಾಸ. ಅದರಲ್ಲಿ ಬ್ಯಾಕ್ಟೀರಿಯಾ ಎಲ್ಲ ಹೋಗಿ ಟ್ಯಾಂಕ್ ಮತ್ತೆ ಮೊದಲ ದಿನಕ್ಕೆ ಬರುತ್ತದೆ. ಸ್ಪಂಜನ್ನು ಟ್ಯಾಂಕಿನಿಂದ ತೆಗೆದ ಹಳೆ ನೀರಿನಲ್ಲೇ ಹಿಂಡಿ, ಅಷ್ಟೇ.

ಕಾವೇರಿ ನೀರು ಮೆದು, ಆದರೆ ಕ್ಲೋರಿನ್ ಇರುತ್ತದೆ. ಆಂಟಿ-ಕ್ಲೋರಿನ್ ಹಾಕಿ, ಇಲ್ಲವೇ ಒಂದು ದಿನ ಗಾಳಿ ಪಂಪ್ ಹಾಕಿ ಇಟ್ಟು ಬಳಸಿ. ಬೋರ್ ನೀರು ಗಡಸು, ಪಿಎಚ್ ಜಾಸ್ತಿ ಇರುವುದುಂಟು. ಪಿಎಚ್ ಜಾಸ್ತಿ ಇದ್ದಷ್ಟೂ ನೀರಿನಲ್ಲಿರುವ ಅಮೋನಿಯಾ ಹೆಚ್ಚು ವಿಷವಾಗುತ್ತದೆ. ಬೋರ್ ನೀರು ಅಂದಮಾತ್ರಕ್ಕೆ ಮರಿ ಸಾಯುವುದಿಲ್ಲ, ಆದರೆ ನೀವು ತಪ್ಪು ಮಾಡುವ ಹಾಗಿಲ್ಲ. ಒಂದು ದಿನ ಕಾವೇರಿ, ಒಂದು ದಿನ ಟ್ಯಾಂಕರ್ ಅಂತ ನೀರು ಬರುವ ಮನೆಗಳಲ್ಲಿ ಒಂದೇ ಸಲ ಜಾಸ್ತಿ ಬದಲಿಸಬೇಡಿ.

ಅಪಾರ್ಟ್‌ಮೆಂಟಿನವರಿಗೆ ಒಂದು ಎಚ್ಚರಿಕೆ. ನಾವು ಮುಂಚೆ ಇದ್ದ ಕಡೆ ಸಂಪು ತೊಳೆದು ಬ್ಲೀಚಿಂಗ್ ಪೌಡರ್ ಹಾಕಿದ್ದರು, ನನಗೆ ಗೊತ್ತಿರಲಿಲ್ಲ. ದಿನದ ಹಾಗೆ ನೀರು ತುಂಬಿಸಿದೆ. ಬೆಳಿಗ್ಗೆ ನೋಡಿದರೆ ಏಳು ಮರಿಗಳಲ್ಲಿ ಐದು ಸತ್ತು ಮೇಲೆ ತೇಲುತ್ತಿದ್ದವು. ಆಮೇಲಿಂದ ಸಂಪು ತೊಳೆಯುವ ದಿನ ಯಾವುದು ಅಂತ ಕಾವಲುಗಾರರನ್ನೇ ಕೇಳಿಕೊಳ್ಳುತ್ತೇನೆ.

ಹೀಟರ್ ಬೇಕೇ ಬೇಕಾ?

ಮಂಗಳೂರಲ್ಲಿ ಬೇಡ. ಬೆಂಗಳೂರು, ಮೈಸೂರು, ಕೊಡಗಿನಲ್ಲಿ ಚಳಿಗಾಲಕ್ಕೆ ಆಸ್ಕರ್, ಅರೋವಾನ ಮರಿಗಳಿಗೆ ಬೇಕು. ಅವಕ್ಕೆ 25ರಿಂದ 28 ಡಿಗ್ರಿ ಹಿತ. ನೀರು 22ಕ್ಕೆ ಇಳಿದರೆ ಅರಗುವುದು ನಿಧಾನ ಆಗುತ್ತದೆ, ಆಗಲೂ ಬೇಸಿಗೆಯ ಅಳತೆಯಲ್ಲೇ ಊಟ ಹಾಕಿದರೆ ಹೊಟ್ಟೆ ಉಬ್ಬುತ್ತದೆ. ನೂರು ಲೀಟರಿಗೆ ನೂರು ವ್ಯಾಟ್ ಲೆಕ್ಕ. ನೀರು ಬದಲಿಸುವ ಮುಂಚೆ ಹೀಟರ್ ಆರಿಸಿ, ಇಲ್ಲದಿದ್ದರೆ ಗಾಜು ಒಡೆಯುತ್ತದೆ.

ಕರೆಂಟ್ ಹೋದ್ರೆ?

ಬ್ಯಾಟರಿಯ ಗಾಳಿ ಪಂಪ್ ಒಂದು ಮನೆಯಲ್ಲಿರಲಿ. ಆ ಹೊತ್ತಿನಲ್ಲಿ ಊಟ ಹಾಕಬೇಡಿ. ನಾಲ್ಕೈದು ಗಂಟೆ ಮೇಲಾದರೆ, ಮುಚ್ಚಿದ ಕ್ಯಾನಿಸ್ಟರ್ ಫಿಲ್ಟರ್ ಇದ್ದವರು ಕರೆಂಟ್ ಬಂದ ತಕ್ಷಣ ಚಾಲೂ ಮಾಡಬೇಡಿ. ಒಳಗಿನ ನೀರು ಕೊಳೆತಿರುತ್ತದೆ, ಚೆಲ್ಲಿ ಆಮೇಲೆ ಹಾಕಿ. ಚನ್ನಾ ಇದ್ದವರು ನೆಮ್ಮದಿಯಾಗಿರಿ, ಅದು ಮೇಲೆ ಬಂದು ಗಾಳಿಯನ್ನೇ ಉಸಿರಾಡುತ್ತದೆ. ಅದಕ್ಕೇ ಚನ್ನಾ ಟ್ಯಾಂಕಿನಲ್ಲಿ ನೀರಿಗೂ ಮುಚ್ಚಳಕ್ಕೂ ನಡುವೆ ಎರಡು ಮೂರು ಇಂಚು ಜಾಗ ಬಿಡಬೇಕು. ಮೇಲೆ ಬರಲಾಗದಿದ್ದರೆ ಆ ಮೀನು ನೀರಿನಲ್ಲೇ ಮುಳುಗಿ ಸಾಯುತ್ತದೆ, ತಮಾಷೆಯಲ್ಲ.

## ಗಾಬರಿಯಾದಾಗ

ಆಸ್ಕರ್ ಒಂದು ಪಕ್ಕಕ್ಕೆ ಮಲಗಿಬಿಟ್ಟಿದೆ! ಸಾಯ್ತಾ ಇದೆಯಾ?

ನಿನ್ನೆ ಕಲ್ಲು ಸರಿಸಿದಿರಾ? ಜಾಗ ಬದಲಿಸಿದಿರಾ? ಹಾಗಿದ್ದರೆ ಅದು ಮುನಿಸು. ಆಸ್ಕರ್ ಈ ನಾಟಕಕ್ಕೆ ಹೆಸರುವಾಸಿ. ದೀಪ ಆರಿಸಿ ಒಂದು ದಿನ ಬಿಡಿ, ಎದ್ದು ಕೂರುತ್ತದೆ. ಹೊಸದಾಗಿ ತಂದ ಮರಿ ಮೂರು ನಾಲ್ಕು ದಿನ ತಿನ್ನದಿರುವುದೂ ಮಾಮೂಲು. ಆದರೆ ಕಿವಿರು ಜೋರಾಗಿ ಬಡಿದುಕೊಳ್ಳುತ್ತಿದ್ದರೆ, ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಅದು ನಾಟಕವಲ್ಲ. ಮೊದಲು ಅಮೋನಿಯಾ ನೋಡಿ, ಮೂರನೇ ಒಂದು ಭಾಗ ನೀರು ಬದಲಿಸಿ. ಔಷಧಿಗೆ ಓಡಬೇಡಿ.

ಮೈ ಮೇಲೆ ಉಪ್ಪು ಉದುರಿಸಿದ ಹಾಗೆ ಬಿಳಿ ಚುಕ್ಕೆ ಬಂದಿದೆ.

ಇದು ಇಕ್, ಕಣ್ಣಿಗೆ ಕಾಣದ ಒಂದು ಪರಾವಲಂಬಿ ಜೀವಿಯಿಂದ ಬರುವ ಬಿಳಿ ಚುಕ್ಕೆ ರೋಗ. ನೀರಿನ ಬಿಸಿಯನ್ನು ಎರಡು ದಿನದಲ್ಲಿ ನಿಧಾನವಾಗಿ 30 ಡಿಗ್ರಿಗೆ ಏರಿಸಿ, ಗಾಳಿ ಜಾಸ್ತಿ ಮಾಡಿ, ಲೀಟರಿಗೆ 2ರಿಂದ 3 ಗ್ರಾಂ ಕಲ್ಲುಪ್ಪು ಕರಗಿಸಿ ಹಾಕಿ, ಒಂದೇ ಸಲಕ್ಕಲ್ಲ. ಚುಕ್ಕೆ ಮಾಯವಾಯಿತು ಅಂತ ನಿಲ್ಲಿಸಬೇಡಿ. ಆ ಜೀವಿ ಮೀನಿನ ಚರ್ಮ ಬಿಟ್ಟು ತಳಕ್ಕೆ ಬಿದ್ದು, ಅಲ್ಲಿ ನೂರಾರು ಮರಿ ಮಾಡಿ ಮತ್ತೆ ಏಳುತ್ತದೆ. ಉಪ್ಪಿಗೆ ಸಿಕ್ಕುವುದು ಹಾಗೆ ಈಜಾಡುವಾಗ ಮಾತ್ರ. ಎರಡು ವಾರ ಮುಂದುವರಿಸಿ.

ತಲೆಯಲ್ಲಿ ಸಣ್ಣ ಸಣ್ಣ ತೂತು ಬೀಳ್ತಾ ಇದೆ.

ಆಸ್ಕರ್ ಸಾಕುವವರ ದೊಡ್ಡ ಭಯ ಇದೇ. ಗಲೀಜು ನೀರು, ಒಂದೇ ಬಗೆಯ ಊಟ, ಕರುಳಿನ ಪರಾವಲಂಬಿ ಜೀವಿ, ಇವೆಲ್ಲ ಸೇರಿ ಬರುವ ತೊಂದರೆ. ಬೇಗ ಕಂಡುಹಿಡಿದರೆ ವಾರಕ್ಕೆ ಎರಡು ಮೂರು ಸಲ ನೀರು ಬದಲಿಸಿ, ಊಟ ಸರಿ ಮಾಡಿದರೆ ಎಷ್ಟೋ ಸಲ ಅಲ್ಲಿಗೇ ನಿಲ್ಲುತ್ತದೆ. ಹೇಲು ಬಿಳಿ ದಾರದ ಹಾಗೆ ಬರುತ್ತಿದ್ದರೆ ಮೀನು ಗೊತ್ತಿರುವ ಪಶುವೈದ್ಯರನ್ನು ಕೇಳಿ. ಮೆಟ್ರೋನಿಡಜೋಲ್ ಕೊಡುತ್ತಾರೆ, ಅಳತೆ ಅವರೇ ಹೇಳಲಿ.

## ಸ್ವಲ್ಪ ಮುಂದೆ ಹೋದವರಿಗೆ

ನನ್ನ ಆಸ್ಕರ್ ಜೋಡಿ ಮೊಟ್ಟೆ ಇಟ್ಟಿದೆ. ಮರಿಗೆ ಏನು ಹಾಕಲಿ?

ಮೊದಲು ಅದು ಜೋಡಿಯೇ ಅಂತ ನೋಡಿ. ಆಸ್ಕರ್‌ನಲ್ಲಿ ಗಂಡು ಹೆಣ್ಣು ಹೊರಗಿನಿಂದ ಗೊತ್ತಾಗುವುದಿಲ್ಲ, ಎರಡು ಹೆಣ್ಣು ಸೇರಿಯೂ ಮೊಟ್ಟೆ ಇಡುತ್ತವೆ. ಎರಡು ದಿನದಲ್ಲಿ ಎಲ್ಲ ಸುಣ್ಣದ ಹಾಗೆ ಬೆಳ್ಳಗಾದರೆ ಅಲ್ಲಿಗೆ ಮುಗಿಯಿತು. ಮೊದಲ ಸಲದ ಮೊಟ್ಟೆಯನ್ನು ಅಪ್ಪ ಅಮ್ಮನೇ ತಿನ್ನುವುದೂ ಉಂಟು, ಬೇಸರ ಮಾಡಿಕೊಳ್ಳಬೇಡಿ.

ಒಡೆದರೆ ಸುಮಾರು ಮೂರು ದಿನಕ್ಕೆ ಒಡೆಯುತ್ತವೆ, ವಾರದ ಹೊತ್ತಿಗೆ ಮರಿಗಳು ಈಜುತ್ತವೆ. ಅಲ್ಲಿಯವರೆಗೆ ಹೊಟ್ಟೆಯ ಹಳದಿ ಚೀಲವೇ ಊಟ, ನೀವು ಏನೂ ಹಾಕಬಾರದು. ಈಜಿದ ದಿನದಿಂದ ಆರ್ಟೀಮಿಯಾ, ಅಂದರೆ ಉಪ್ಪುನೀರಿನಲ್ಲಿ ಬೆಳೆಯುವ ಸೀಗಡಿಯಂಥ ಸಣ್ಣ ಜೀವಿಯ ಮರಿ. ಸೋಡಾ ಬಾಟಲಿಯ ತಳ ಕತ್ತರಿಸಿ ತಲೆಕೆಳಗೆ ನಿಲ್ಲಿಸಿ, ಲೀಟರ್ ನೀರಿಗೆ 25 ಗ್ರಾಂ ಉಪ್ಪು, ಅರ್ಧ ಚಮಚ ಆರ್ಟೀಮಿಯಾ ಮೊಟ್ಟೆ, ಜೋರು ಗಾಳಿ, ಪಕ್ಕದಲ್ಲಿ ದೀಪ. 27-28 ಡಿಗ್ರಿ ಇದ್ದರೆ 24ರಿಂದ 36 ಗಂಟೆಯಲ್ಲಿ ಒಡೆಯುತ್ತದೆ. ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಖಾಲಿ ಚಿಪ್ಪು ಮೇಲೆ ತೇಲುತ್ತದೆ, ಕಿತ್ತಳೆ ಬಣ್ಣದ ಮರಿಗಳು ಕೆಳಗೆ ದೀಪದ ಕಡೆ ಗುಂಪು ಸೇರುತ್ತವೆ. ಕೆಳಗಿನಿಂದ ತೆಗೆದು, ತೆಳು ಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆದು ಹಾಕಿ. ಚಿಪ್ಪು ಸೇರಿದರೆ ಮರಿಗಳ ಕರುಳು ಕಟ್ಟುತ್ತದೆ. ಒಡೆದ ಕೆಲವೇ ಗಂಟೆಯೊಳಗೆ ಹಾಕಿಬಿಡಿ, ತಡವಾದಷ್ಟೂ ಅದರೊಳಗಿನ ಸತ್ವವನ್ನು ಅದೇ ತಿಂದು ಮುಗಿಸಿರುತ್ತದೆ. ದಿನಾ ಒಂದು ಬಾಟಲಿ ಒಡೆಯುವ ಹಾಗೆ ಎರಡು ಬಾಟಲಿ ಸರದಿಯಲ್ಲಿ ನಡೆಸಿ.

ಒಂದು ಜೋಡಿ ಸಾವಿರದ ಮೇಲೆ ಮೊಟ್ಟೆ ಇಡುತ್ತದೆ. ಅಷ್ಟು ಮರಿಗೆ ಮನೆ ಎಲ್ಲಿ ಹುಡುಕುತ್ತೀರಿ ಅಂತ ಆಗಲೇ ಯೋಚಿಸಿ.

ಒಟ್ಟಿಗೆ ಹುಟ್ಟಿದ ಮರಿಗಳು ಒಂದನ್ನೊಂದು ತಿಂತಾ ಇವೆ. ಊಟ ಕಡಿಮೆ ಆಯ್ತಾ?

ಊಟಕ್ಕಿಂತ ಗಾತ್ರದ ಸಮಸ್ಯೆ. ಬಾಯಿಗೆ ಹಿಡಿದದ್ದೆಲ್ಲ ಊಟ, ತಮ್ಮನಾದರೂ ಸರಿ. ನೂರು ಮರಿಯಲ್ಲಿ ಐದು ಬೇಗ ಬೆಳೆಯುತ್ತವೆ, ಆ ಐದೇ ಉಳಿದವನ್ನು ಮುಗಿಸುತ್ತವೆ. ಚನ್ನಾ ಮರಿಗಳಲ್ಲಿ ಇದು ವಿಪರೀತ. ವಾರಕ್ಕೊಮ್ಮೆ ಎಲ್ಲವನ್ನೂ ಬಿಳಿ ಟಬ್ಬಿಗೆ ತೆಗೆದು ದೊಡ್ಡ, ಮಧ್ಯಮ, ಸಣ್ಣ ಅಂತ ಬೇರೆ ಮಾಡಿ. ಅಡಗಲು ಗಿಡ, ಪೈಪಿನ ತುಂಡು ಹಾಕಿ. ಒಂದೇ ಮೂಲೆಯಲ್ಲಿ ಊಟ ಹಾಕಿದರೆ ಬಲವಾದವು ಮಾತ್ರ ತಿನ್ನುತ್ತವೆ, ಟ್ಯಾಂಕಿನ ಉದ್ದಕ್ಕೂ ಚೆಲ್ಲಿ.

ನಮ್ಮೂರ ಕೆರೆಯಲ್ಲಿ ಕೊರವ ಮರಿ ಗುಂಪಾಗಿ ಕಾಣುತ್ತೆ. ಹಿಡಿದು ತಂದು ಸಾಕಬಹುದಾ?

ಆ ಕೆಂಪು ಮರಿಗಳ ಗುಂಪಿನ ಕೆಳಗೇ ಅಪ್ಪ ಅಮ್ಮ ಕಾವಲು ಇರುತ್ತವೆ. ಬುಟ್ಟಿ ಹಾಕಿ ಎತ್ತಿದರೆ ನೂರಾರು ಸಿಗುತ್ತವೆ, ಸಾಕುವುದು ಒಂದೋ ಎರಡೋ, ಉಳಿದವು ಬಕೆಟ್ಟಿನಲ್ಲೇ ಸಾಯುತ್ತವೆ. ಕೊರವ ಎರಡಡಿ ದಾಟುವ ಮೀನು, ಮನೆಗಲ್ಲ. ಜೊತೆಗೆ ಕೆರೆಯ ಮೀನಿನ ಹಕ್ಕನ್ನು ಸಾಮಾನ್ಯವಾಗಿ ಗುತ್ತಿಗೆಗೆ ಕೊಟ್ಟಿರುತ್ತಾರೆ, ಜಗಳ ಬೇರೆ. ಪಶ್ಚಿಮ ಘಟ್ಟದ ಹೊಳೆಗಳ ಮಲಬಾರ್ ಚನ್ನಾವನ್ನಂತೂ ಮುಟ್ಟಬೇಡಿ. ಅದು ಬೇರೆಯೇ ಜಾತಿ ಅಂತ ವಿಜ್ಞಾನಿಗಳು ಖಚಿತ ಮಾಡಿದ್ದೇ 2011ರಲ್ಲಿ, ಇರುವುದೂ ಈ ಘಟ್ಟದ ಕೆಲವು ಹೊಳೆಗಳಲ್ಲಿ ಮಾತ್ರ.

ತುಂಬಾ ದೊಡ್ಡದಾಗಿದೆ, ಸಾಕಕ್ಕೆ ಆಗ್ತಿಲ್ಲ. ಕೆರೆಗೆ ಬಿಟ್ರೆ ಪುಣ್ಯ ಅಲ್ವಾ?

ಅಲ್ಲ. 2018ರ ಪ್ರವಾಹದ ನಂತರ ಕೇರಳದ ನದಿಗಳಲ್ಲಿ ಅರಪೈಮಾ, ಅಲಿಗೇಟರ್ ಗಾರ್ ಅನ್ನುವ ಹೊರದೇಶದ ದೈತ್ಯ ಮೀನುಗಳು ಬಲೆಗೆ ಬಿದ್ದವು. 2023ರಲ್ಲಿ ಶ್ರೀನಗರದ ದಾಲ್ ಸರೋವರದಲ್ಲೂ ಗಾರ್ ಸಿಕ್ಕಿತು. ಯಾರೋ ಮುದ್ದು ಮರಿ ಅಂತ ತಂದದ್ದೇ ಅಲ್ವಾ ಅವೆಲ್ಲ? ಬೆಂಗಳೂರಿನ ಕೆರೆಗಳಲ್ಲಿ ಬಲೆ ಬೀಸಿದರೆ ಸಕ್ಕರ್ ಮೀನು ಬರುತ್ತದೆ, ಅದೂ ಅಕ್ವೇರಿಯಂನಿಂದಲೇ ಹೋದದ್ದು.

ಕೊಂಡ ಅಂಗಡಿಯವರನ್ನು ಮೊದಲು ಕೇಳಿ, ದುಡ್ಡು ಕೊಡದಿದ್ದರೂ ಬಹಳ ಜನ ವಾಪಸ್ ತೆಗೆದುಕೊಳ್ಳುತ್ತಾರೆ. ಶಿವಾಜಿನಗರದ ಕಡೆಯ ಅಂಗಡಿಗಳಲ್ಲಿ ದೊಡ್ಡ ಮೀನಿಗೆ ಗಿರಾಕಿ ಇದ್ದೇ ಇರುತ್ತಾರೆ. ರೆಸಾರ್ಟು, ಹೋಟೆಲ್‌ಗಳ ದೊಡ್ಡ ಟ್ಯಾಂಕುಗಳಿಗೂ ಕೊಡಬಹುದು, ಹೊರಗಿನ ನೀರಿಗೆ ತೆರೆದ ಕೊಳಕ್ಕೆ ಬೇಡ. ಸಾಗಿಸುವ ಹಿಂದಿನ ಎರಡು ದಿನ ಊಟ ಹಾಕಬೇಡಿ, ಚೀಲದ ನೀರು ಕೆಡುವುದಿಲ್ಲ. ನನ್ನ ಅರೋವಾನ ಹೋದದ್ದು ಹೀಗೆಯೇ, ಎಂಟಡಿ ಟ್ಯಾಂಕ್ ಇರುವ ಒಬ್ಬರ ಮನೆಗೆ. ಯುಗಾದಿಗೆ ಹೋದಾಗ ನೋಡಿಕೊಂಡು ಬರುತ್ತೇನೆ, ಈಗಲೂ ಪೆಲೆಟ್ಟೇ ತಿನ್ನುತ್ತಿದೆ.